ಓದುಗರ ಪ್ರಶ್ನೆ, ನಮ್ಮ ಉತ್ತರ: ಹ್ಯಾಮ್ ರೇಡಿಯೊದ ಟ್ಯೂನಿಂಗ್ ನಾಬ್‌ಗೆ ಎಷ್ಟು ತೂಕ ಬೇಕು?

ಕಳೆದ ಸಂಚಿಕೆಯಲ್ಲಿ ಮನೆಯಲ್ಲೇ ಜೋಡಿಸುವ ಹ್ಯಾಮ್ ರೇಡಿಯೊಗಳ (ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತನಾಡಲು ಬಳಸುವ ಸೆಟ್ಟುಗಳ) ಬಗ್ಗೆ ಬರೆಯುವಾಗ, ಟ್ಯೂನಿಂಗ್ ನಾಬ್ ಸ್ವಲ್ಪ ಭಾರವಾಗಿದ್ದರೆ ಕೈಗೆ ಹಿತ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲನ್ನು ಹಿಡಿದುಕೊಂಡು ಇಷ್ಟು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಅವುಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಮೈಕ್ರೊ ಬಿಟ್‌ಎಕ್ಸ್ ರೇಡಿಯೊ ಕಿಟ್ ಜೋಡಿಸಿಕೊಂಡು 40 ಮೀಟರ್ ಬ್ಯಾಂಡಿನಲ್ಲಿ ಮಾತನಾಡುತ್ತೇನೆ. ಅದಕ್ಕೆ ಹಾಕಿರುವ ಪ್ಲಾಸ್ಟಿಕ್ ನಾಬ್ ಆಟಿಕೆಯಂತಿದೆ. ಗೆಳೆಯರೊಬ್ಬರ ದೊಡ್ಡ ಜಪಾನಿ ರಿಗ್‌ನ (ರೇಡಿಯೊ ಸೆಟ್ಟಿನ) ನಾಬನ್ನು ಬೆರಳಿನಿಂದ ಒಮ್ಮೆ ತಳ್ಳಿಬಿಟ್ಟರೆ ತಾನಾಗಿಯೇ ಎರಡು ಮೂರು ಸುತ್ತು ಹೋಗಿ ನಿಲ್ಲುತ್ತದೆ. ನಾನೂ ಗಟ್ಟಿ ಹಿತ್ತಾಳೆಯಲ್ಲಿ 200 ಗ್ರಾಂ ತೂಕದ ನಾಬ್ ಮಾಡಿಸಬೇಕೆಂದಿದ್ದೇನೆ. ಭಾರ ಹೆಚ್ಚಿದಷ್ಟೂ ಒಳ್ಳೆಯದಲ್ಲವೆ?
— ಓದುಗರು, ರಾಜಾಜಿನಗರ

ಉತ್ತರ: ಹಿತ್ತಾಳೆಗೆ ಹಣ ಕೊಡುವ ಮೊದಲು ಈಗಿರುವ ನಾಬನ್ನು ಕಿತ್ತು ಪಕ್ಕಕ್ಕಿಟ್ಟು, ಬರಿಯ ದಂಡವನ್ನು ಎರಡು ಬೆರಳಿನಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಬೆರಳಿಗೆ ಟಕ್ ಟಕ್ ಎಂದು ಹಲ್ಲು ಹಲ್ಲಾಗಿ ತಾಗುತ್ತಿದ್ದರೆ ಒಳಗಿರುವುದು ಕ್ಲಿಕ್ ಇರುವ ಯಾಂತ್ರಿಕ ಎನ್‌ಕೋಡರ್, ಅಂದರೆ ದಂಡ ತಿರುಗಿದ್ದನ್ನು ವಿದ್ಯುತ್ ಮಿಡಿತಗಳಾಗಿ (ಪಲ್ಸ್) ರೇಡಿಯೊಗೆ ತಿಳಿಸುವ ಬಿಡಿಭಾಗ. ಅದರ ಮೇಲೆ ಚಿನ್ನದ ನಾಬ್ ಕೂರಿಸಿದರೂ ಅದು ತಾನಾಗಿ ಸುತ್ತುವುದಿಲ್ಲ. ಪ್ರತಿ ಹಲ್ಲಿನಲ್ಲೂ ಒಂದು ಪುಟ್ಟ ಸ್ಪ್ರಿಂಗ್ ಪಟ್ಟಿ ದಂಡವನ್ನು ಹಿಡಿದು ನಿಲ್ಲಿಸುತ್ತಿರುತ್ತದೆ. ನೀವು ಸೇರಿಸಿದ ಭಾರವೆಲ್ಲ ಆ ಪಟ್ಟಿಯೊಡನೆ ಜಗಳವಾಡುವುದರಲ್ಲೇ ಕಳೆದುಹೋಗುತ್ತದೆ. ನಿಮ್ಮ ಗೆಳೆಯರ ರಿಗ್‌ನಲ್ಲಿ ಬಹುಮಟ್ಟಿಗೆ ಆಪ್ಟಿಕಲ್ ಅಥವಾ ಮ್ಯಾಗ್ನೆಟಿಕ್ ಎನ್‌ಕೋಡರ್ ಇರುತ್ತದೆ. ಅದರಲ್ಲಿ ಲೋಹಕ್ಕೆ ಲೋಹ ಉಜ್ಜುವ ಸಂಪರ್ಕಗಳೇ ಇಲ್ಲ, ಆದ್ದರಿಂದ ದಂಡ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತದೆ. ನೀವು ಮೆಚ್ಚಿದ ಆ ಸೊಗಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಾಬಿನದಲ್ಲ, ಅದರ ಹಿಂದಿರುವ ದಂಡದ್ದು.

ಮೈಕ್ರೊ ಬಿಟ್‌ಎಕ್ಸ್ ಅನ್ನು ರೂಪಿಸಿದವರು ಹೈದರಾಬಾದಿನ ಅಶ್ಹರ್ ಫರ್ಹಾನ್ (ಅವರ ಹ್ಯಾಮ್ ಕರೆಗುರುತು ವಿಯು2ಇಎಸ್‌ಇ). ಕಡಿಮೆ ಖರ್ಚಿನಲ್ಲಿ ಎಲ್ಲರ ಕೈಗೂ ಎಟುಕಬೇಕೆಂಬುದು ಆ ವಿನ್ಯಾಸದ ಆಶಯ, ಆದ್ದರಿಂದ ಅದರಲ್ಲಿ ಸರಳ ಯಾಂತ್ರಿಕ ಎನ್‌ಕೋಡರ್ ಇರುವುದು ತಪ್ಪಲ್ಲ. ಆದರೆ ಅದರ ಮೇಲೆ ಭಾರದ ನಾಬ್ ಕೂರಿಸಬೇಕೆಂದರೆ ಮೊದಲು ಎನ್‌ಕೋಡರ್ ಬದಲಿಸುವ ಯೋಚನೆ ಮಾಡಬೇಕು. ಅಂಥ ಅಗ್ಗದ ಎನ್‌ಕೋಡರುಗಳ ಆಯುಷ್ಯವನ್ನು ತಯಾರಕರು ಸಾಮಾನ್ಯವಾಗಿ 15,000ದಿಂದ 30,000 ಸುತ್ತು ಎಂದು ನಮೂದಿಸಿರುತ್ತಾರೆ. ಭಾರದ ನಾಬ್ ಹಾಕಿ ಸಂಜೆಯೆಲ್ಲ ಸುತ್ತಿಸುತ್ತ ಕುಳಿತರೆ ಆ ಲೆಕ್ಕ ಬೇಗ ಮುಗಿಯುತ್ತದೆ.

ಸುತ್ತು ಏಕೆ ಬೇಕು ಎಂಬುದನ್ನೂ ಒಮ್ಮೆ ಲೆಕ್ಕ ಹಾಕೋಣ. ನಮ್ಮ ದೇಶದಲ್ಲಿ 40 ಮೀಟರ್ ಬ್ಯಾಂಡ್ 7.000ದಿಂದ 7.200 ಮೆಗಾಹರ್ಟ್ಜ್‌ವರೆಗೆ, ಅಂದರೆ 200 ಕಿಲೋಹರ್ಟ್ಜ್ ಅಗಲ. ಒಂದು ಸುತ್ತಿಗೆ 400 ಪಲ್ಸ್ ಕೊಡುವ ಆಪ್ಟಿಕಲ್ ಎನ್‌ಕೋಡರ್ ಇದ್ದು, ಪ್ರತಿ ಪಲ್ಸ್‌ಗೂ 10 ಹರ್ಟ್ಜ್ ಹೆಜ್ಜೆ ಇಟ್ಟುಕೊಂಡರೆ, ಒಂದು ಸುತ್ತಿಗೆ 4 ಕಿಲೋಹರ್ಟ್ಜ್ ಸರಿಯುತ್ತದೆ. ಬ್ಯಾಂಡಿನ ಈ ತುದಿಯಿಂದ ಆ ತುದಿಗೆ 50 ಸುತ್ತು. ಬೆರಳು ಎತ್ತಿ ಎತ್ತಿ ಐವತ್ತು ಸಲ ತಿರುಗಿಸುವುದು ಬೇಸರದ ಕೆಲಸ. ಒಂದು ತಳ್ಳಿಗೆ ನಾಬ್ ತಾನಾಗಿ ಐದು ಸುತ್ತು ಓಡಿದರೆ ಹತ್ತು ತಳ್ಳಿನಲ್ಲಿ ಇಡೀ ಬ್ಯಾಂಡನ್ನು ಕೇಳಿಬಿಡಬಹುದು. ಭಾರದ ನಾಬಿನ ನಿಜವಾದ ಉಪಯೋಗ ಇಷ್ಟೇ. ಇದೇ ಲೆಕ್ಕವನ್ನು ಸುತ್ತಿಗೆ 24 ಕ್ಲಿಕ್‌ಗಳಿರುವ ಎನ್‌ಕೋಡರ್‌ಗೆ ಹಾಕಿ ನೋಡಿ: 10 ಹರ್ಟ್ಜ್ ಹೆಜ್ಜೆಯಲ್ಲಿ ಸುತ್ತಿಗೆ 240 ಹರ್ಟ್ಜ್ ಮಾತ್ರ, ಬ್ಯಾಂಡ್ ದಾಟಲು 833 ಸುತ್ತು! ಅದಕ್ಕೇ ಅಂಥ ಸೆಟ್ಟುಗಳಲ್ಲಿ ಬೇಗ ತಿರುಗಿಸಿದರೆ ಹೆಜ್ಜೆ ದೊಡ್ಡದಾಗುವಂತೆ ಪ್ರೋಗ್ರಾಮ್ ಬರೆದಿರುತ್ತಾರೆ, ಮತ್ತು ಅಂಥ ಪ್ರೋಗ್ರಾಮಿಗೆ ತಾನಾಗಿ ಸುತ್ತುವ ನಾಬ್ ಸೇರಿದರೆ ಆವರ್ತನ ಎಲ್ಲಿಂದೆಲ್ಲಿಗೋ ಹಾರುತ್ತದೆ.

ಇನ್ನು 200 ಗ್ರಾಂ ಪ್ರಶ್ನೆ. ಕುಂಬಾರನ ತಿಗರಿಯನ್ನು ನೋಡಿದ್ದೀರಾದರೆ ನಾನು ಹೇಳಬೇಕಾದುದರಲ್ಲಿ ಬಹುಪಾಲು ನಿಮಗೆ ಗೊತ್ತಿದೆ. ತಿಗರಿಯ ನಡುಭಾಗ ಹಗುರ, ಅಂಚು ಭಾರ. ಕೋಲಿನಿಂದ ನಾಲ್ಕು ಸಲ ತಿರುವಿಬಿಟ್ಟರೆ ಒಂದು ಮಡಕೆ ಏಳುವವರೆಗೂ ಸುತ್ತುತ್ತಿರುತ್ತದೆ. ಸುತ್ತು ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಒಟ್ಟು ತೂಕಕ್ಕಿಂತ ಹೆಚ್ಚಾಗಿ, ಆ ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅವಲಂಬಿಸಿದೆ, ಏಕೆಂದರೆ ಈ ಲೆಕ್ಕದಲ್ಲಿ ತೂಕ ಒಂದು ಸಲ ಬಂದರೆ ದೂರ ಎರಡು ಸಲ ಗುಣಿಸಿಕೊಳ್ಳುತ್ತದೆ.

ಅಂಕಿಗಳಲ್ಲೇ ನೋಡೋಣ. 40 ಮಿಲಿಮೀಟರ್ ವ್ಯಾಸ, 20 ಮಿಲಿಮೀಟರ್ ದಪ್ಪದ ಗಟ್ಟಿ ಹಿತ್ತಾಳೆಯ ಬಿಲ್ಲೆ ಸುಮಾರು 213 ಗ್ರಾಂ ತೂಗುತ್ತದೆ. ಅದೇ ಅಳತೆಯ ಅಲ್ಯೂಮಿನಿಯಂ ಬಿಲ್ಲೆ 68 ಗ್ರಾಂ. ತಿರುಗುವಾಗಿನ ಜಡತ್ವ (ಸುತ್ತನ್ನು ಉಳಿಸಿಕೊಳ್ಳುವ ಗುಣ) ಕ್ರಮವಾಗಿ 427 ಮತ್ತು 136 ಗ್ರಾಂ-ಚದರ ಸೆಂಟಿಮೀಟರ್. ಈಗ ಅಲ್ಯೂಮಿನಿಯಂ ಬಿಲ್ಲೆಯ ದಪ್ಪವನ್ನು ಹಾಗೇ ಇಟ್ಟು ವ್ಯಾಸವನ್ನು ಮಾತ್ರ 50 ಮಿಲಿಮೀಟರಿಗೆ ಏರಿಸಿ. ತೂಕ 106 ಗ್ರಾಂ ಆಗುತ್ತದೆ, ಜಡತ್ವ 331ಕ್ಕೆ ಜಿಗಿಯುತ್ತದೆ. ಹಿತ್ತಾಳೆಯ ಅರ್ಧ ತೂಕದಲ್ಲಿ ಅದರ ಮುಕ್ಕಾಲು ಪಾಲಿಗಿಂತ ಹೆಚ್ಚು ಫಲ ಸಿಕ್ಕಿತು. ಇನ್ನೂ ಮಿತವ್ಯಯದ ದಾರಿಯೆಂದರೆ ಟೊಳ್ಳು ಪ್ಲಾಸ್ಟಿಕ್ ನಾಬಿನ ಒಳಅಂಚಿಗೆ 40 ಗ್ರಾಂನ ಹಿತ್ತಾಳೆ ಬಳೆಯೊಂದನ್ನು, ನಡುವಿನಿಂದ ಸುಮಾರು 18 ಮಿಲಿಮೀಟರ್ ದೂರದಲ್ಲಿ ನಿಲ್ಲುವಂತೆ ಕೂರಿಸುವುದು. ಆ ಬಳೆಯೊಂದೇ 130ರಷ್ಟು ಜಡತ್ವ ಕೊಟ್ಟು 68 ಗ್ರಾಂನ ಗಟ್ಟಿ ಅಲ್ಯೂಮಿನಿಯಂಗೆ ಸರಿಸಮನಾಗುತ್ತದೆ.

ಅಗಲವಾದ ನಾಬ್‌ಗೆ ಮತ್ತೊಂದು ಲಾಭವೂ ಇದೆ. ಸುತ್ತಿಗೆ 4 ಕಿಲೋಹರ್ಟ್ಜ್ ಇರುವಾಗ 40 ಮಿಲಿಮೀಟರ್ ನಾಬಿನ ಅಂಚಿನಲ್ಲಿ ಬೆರಳು ಒಂದು ಮಿಲಿಮೀಟರ್ ಸರಿದರೆ ಆವರ್ತನ ಸುಮಾರು 32 ಹರ್ಟ್ಜ್ ಸರಿಯುತ್ತದೆ. 20 ಮಿಲಿಮೀಟರ್ ನಾಬಿನಲ್ಲಾದರೆ 64. ಹ್ಯಾಮ್‌ಗಳು ಮಾತಿಗೆ ಬಳಸುವ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ವಿಧಾನದಲ್ಲಿ ಎದುರಿನವರ ದನಿ ಬಾತುಕೋಳಿಯ ದನಿಯಾಗದೆ ಮನುಷ್ಯರ ದನಿಯಾಗಿ ಕೇಳಬೇಕಾದರೆ 50 ಹರ್ಟ್ಜ್ ಆಚೀಚೆಯೊಳಗೆ ನಿಲ್ಲಬೇಕು. ಆ ನಿಲುಗಡೆ ದೊಡ್ಡ ನಾಬಿನಲ್ಲಿ ಒಂದೂವರೆ ಮಿಲಿಮೀಟರ್, ಚಿಕ್ಕದರಲ್ಲಿ ಮುಕ್ಕಾಲು ಮಿಲಿಮೀಟರ್. ಈ ಕಾರಣಕ್ಕಾಗಿಯೇ ನಾನು ಯಾರಿಗೇ ಆಗಲಿ ಮೊದಲು ವ್ಯಾಸ, ಆಮೇಲೆ ತೂಕ ಎನ್ನುತ್ತೇನೆ.

ಹಾಗಾದರೆ ಎಷ್ಟು? ಕ್ಲಿಕ್ ಇಲ್ಲದ ಯಾಂತ್ರಿಕ ಎನ್‌ಕೋಡರ್ ಆದರೆ 40ರಿಂದ 45 ಮಿಲಿಮೀಟರ್ ಅಗಲ, 60ರಿಂದ 80 ಗ್ರಾಂ ಸಾಕು. ಬಾಲ್ ಬೇರಿಂಗ್ ಇರುವ ಆಪ್ಟಿಕಲ್ ಎನ್‌ಕೋಡರ್ ಹಾಕಿಸಿದರೆ 150 ಗ್ರಾಂವರೆಗೂ ಹೋಗಬಹುದು. ಅದಕ್ಕೂ ಮೇಲೆ ಹೋದರೆ ನಾಬ್ ನಿಮ್ಮ ಮಾತು ಕೇಳುವುದಿಲ್ಲ. ಸ್ಟೇಷನ್ ಕೇಳಿಸಿತೆಂದು ಬೆರಳು ನಿಲ್ಲಿಸುವಷ್ಟರಲ್ಲಿ ಅದು ಮುಂದೆ ಹೋಗಿರುತ್ತದೆ, ಹಿಂದಕ್ಕೆ ತಂದರೆ ಅಲ್ಲೂ ದಾಟಿರುತ್ತದೆ. ಒತ್ತಿದರೆ ಸ್ವಿಚ್ ಆಗಿ ಕೆಲಸ ಮಾಡುವ ಎನ್‌ಕೋಡರುಗಳ ದಂಡ ಸಹಜವಾಗಿಯೇ ಸ್ವಲ್ಪ ಸಡಿಲವಿರುವುದರಿಂದ, ಅಂಥದ್ದರ ಮೇಲೆ ಭಾರದ ನಾಬ್ ತಲೆಯಾಡಿಸುವ ಬಸವನಂತೆ ಆಡುತ್ತಿರುತ್ತದೆ. ನಿಮ್ಮ 200 ಗ್ರಾಂ ಯೋಜನೆಯನ್ನು ಕೈಬಿಡಿ.

ಆಪ್ಟಿಕಲ್ ಎನ್‌ಕೋಡರ್ ಹಾಕಿಸುವವರು ಪ್ರೋಗ್ರಾಮನ್ನೂ ನೋಡಿಕೊಳ್ಳಬೇಕು. ಸೆಕೆಂಡಿಗೆ ನಾಲ್ಕು ಸುತ್ತಿನ ವೇಗದಲ್ಲಿ 400 ಪಲ್ಸ್‌ನ ಎನ್‌ಕೋಡರ್ 1,600 ಪಲ್ಸ್ ಕಳಿಸುತ್ತದೆ. ಸೆಟ್ಟಿನೊಳಗಿನ ಪುಟ್ಟ ಕಂಪ್ಯೂಟರ್ ಬೋರ್ಡಾದ ಆರ್ಡುಯಿನೊ ಬಿಡುವಾದಾಗ ಮಾತ್ರ ಎನ್‌ಕೋಡರ್ ಕಡೆ ನೋಡುವಂತೆ ಬರೆದ ಪ್ರೋಗ್ರಾಮ್, ಡಿಸ್‌ಪ್ಲೇ ಮೇಲೆ ಅಂಕಿ ಬರೆಯುತ್ತಿರುವಾಗ ಬಂದ ಪಲ್ಸ್‌ಗಳನ್ನೆಲ್ಲ ಕಳೆದುಕೊಳ್ಳುತ್ತದೆ; ನಾಬ್ ಓಡುತ್ತಿರುತ್ತದೆ, ಆವರ್ತನ ಕುಂಟುತ್ತಿರುತ್ತದೆ. ಇಂಟರಪ್ಟ್ ಬಳಸಿ, ಅಂದರೆ ಪಲ್ಸ್ ಬಂದೊಡನೆ ಬೇರೆ ಕೆಲಸ ಬಿಟ್ಟು ಅದನ್ನು ಎಣಿಸುವಂತೆ, ಬರೆದ ಪ್ರೋಗ್ರಾಮ್ ಹಾಕಿಕೊಳ್ಳಿ.

ಪ್ರಶ್ನೆ: ನಿವೃತ್ತನಾದ ಮೇಲೆ ಹಳೆಯ ಹವ್ಯಾಸಕ್ಕೆ ಮರಳಿದ್ದೇನೆ. ಬೆರಳುಗಳ ಗಂಟು ನೋವಿರುವುದರಿಂದ ಅಗಲವಾದ, ಭಾರದ ನಾಬೊಂದನ್ನು ತರಿಸಿದೆ. ನನ್ನ ಜಪಾನಿ ರಿಗ್‌ಗೆ ಹಾಕಿದರೆ ಕೂರುತ್ತದೆ, ಆದರೆ ತಿರುಗುವಾಗ ಬಳುಕುತ್ತದೆ. ನಾಬ್ ದೋಷವೊ, ರಿಗ್ ದೋಷವೊ?
— ಓದುಗರು, ಜಯನಗರ 4ನೇ ಬ್ಲಾಕ್

ಉತ್ತರ: ಎರಡರದೂ ಅಲ್ಲ, ಅಂಗುಲ ಮತ್ತು ಮಿಲಿಮೀಟರ್ ನಡುವಿನ ಹಳೆಯ ವ್ಯಾಜ್ಯ. ಜಪಾನಿ ರಿಗ್‌ಗಳ ದಂಡ ಸಾಮಾನ್ಯವಾಗಿ 6 ಮಿಲಿಮೀಟರ್. ಅಮೆರಿಕದ ಅಳತೆಯ ನಾಬ್‌ಗಳ ರಂಧ್ರ ಕಾಲು ಅಂಗುಲ, ಅಂದರೆ 6.35 ಮಿಲಿಮೀಟರ್. ನಡುವೆ 0.35 ಮಿಲಿಮೀಟರ್ ಸಡಿಲ ಉಳಿಯುತ್ತದೆ. ಪಕ್ಕದ ಸ್ಕ್ರೂ ಬಿಗಿದಾಗ ನಾಬ್ ಒಂದೇ ಪಕ್ಕಕ್ಕೆ ಎಳೆದುಕೊಂಡು ಅದರ ನಡು ದಂಡದ ನಡುವಿನಿಂದ 0.175 ಮಿಲಿಮೀಟರ್ ಸರಿಯುತ್ತದೆ, ತಿರುಗುವಾಗ ಅಂಚು ಅದರ ಎರಡರಷ್ಟು ಹೊಯ್ದಾಡುತ್ತದೆ. ಕಣ್ಣಿಗೆ ಕಾಣಲು ಅಷ್ಟು ಧಾರಾಳವಾಗಿ ಸಾಕು. ದಂಡಕ್ಕೆ 0.15 ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡನ್ನು, ತುದಿಗಳು ಒಂದರ ಮೇಲೊಂದು ಬಾರದಂತೆ ಒಂದೇ ಸುತ್ತು ಸುತ್ತಿ ನಾಬ್ ತೂರಿಸಿ. ಕಾಗದವನ್ನೊ ಟೇಪನ್ನೊ ಸುತ್ತಬೇಡಿ, ಎರಡು ವಾರದಲ್ಲಿ ಹಿಸುಕಿಹೋಗುತ್ತದೆ.

ಬೆರಳು ನೋವಿನ ವಿಷಯದಲ್ಲಿ ನಿಮಗೆ ತೂಕಕ್ಕಿಂತ ನಾಬಿನ ಮುಖದ ಮೇಲಿರುವ ಬೆರಳಗುಳಿ ಮುಖ್ಯ. ತೋರುಬೆರಳಿನ ತುದಿಯನ್ನು ಆ ಗುಳಿಯಲ್ಲಿಟ್ಟು, ಬೀಸುವ ಕಲ್ಲಿನ ಗೂಟವನ್ನು ತಿರುಗಿಸಿದಂತೆ ತಿರುಗಿಸುತ್ತ ಹೋಗಬಹುದು. ಹಿಡಿಯುವ, ಹಿಂಡುವ ಶ್ರಮವೇ ಇಲ್ಲ. ಗುಳಿಯೊಳಗೆ ಸ್ವತಂತ್ರವಾಗಿ ತಿರುಗುವ ಪುಟ್ಟ ಬಟ್ಟಲಿರುವ ನಾಬ್ ಸಿಕ್ಕರೆ ಬೆರಳ ಚರ್ಮವೂ ಉಜ್ಜಿಹೋಗುವುದಿಲ್ಲ. ಹಾಗೆಯೇ ನಿಮ್ಮ ರಿಗ್‌ನಲ್ಲಿ ನಾಬಿನ ಕೆಳಗೆ ಬಿಗುವನ್ನು ಹೆಚ್ಚು ಕಡಿಮೆ ಮಾಡುವ ಪುಟ್ಟ ಸನ್ನೆಯಿದೆಯೆ ನೋಡಿ. ಐಕಾಮ್‌ನ ಐಸಿ-7300ರಲ್ಲಿ ಅಂಥದ್ದಿದೆ. ಅದನ್ನು ಪೂರ್ತಿ ಸಡಿಲ ಮಾಡಿ ನೋಡದೆ ನಾಬ್‌ಗೆ ದುಡ್ಡು ಸುರಿದವರನ್ನು ನಾನು ಬಲ್ಲೆ.

ಪ್ರಶ್ನೆ: ನಾನೇ ಮಾಡಿಕೊಳ್ಳಬೇಕೆಂಬ ಆಸೆ. ಎಸ್.ಪಿ. ರಸ್ತೆಯಲ್ಲಿ ಆಂಪ್ಲಿಫಯರ್‌ಗೆ ಹಾಕುವ ಅಲ್ಯೂಮಿನಿಯಂ ನಾಬ್‌ಗಳು ಸಿಗುತ್ತವೆ. ಅವುಗಳ ಹಿಂಭಾಗದ ಟೊಳ್ಳಿಗೆ ಸೀಸ ಸುರಿದರೆ ಆಗುತ್ತದೆಯೆ? ಇಲ್ಲವೆ ಲೇಥ್‌ನಲ್ಲಿ ಕಡೆಸುವುದಾದರೆ ಏನು ಹೇಳಿ ಮಾಡಿಸಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬಸವನಗುಡಿ

ಉತ್ತರ: ಸೀಸ ಬೇಡ. ದಿನವೂ ಬೆರಳು ತಾಗುವ ವಸ್ತುವಿನಲ್ಲಿ, ಅದರಲ್ಲೂ ಮನೆಯಲ್ಲಿ ಕರಗಿಸಿ ಸುರಿಯುವ ರೂಪದಲ್ಲಿ, ಆ ವಿಷಕ್ಕೆ ಜಾಗವಿಲ್ಲ. ಹಿತ್ತಾಳೆಯ ವಾಷರ್‌ಗಳನ್ನು ಒಂದರ ಮೇಲೊಂದು ಜೋಡಿಸಿ ಎಪಾಕ್ಸಿಯಲ್ಲಿ ಕೂರಿಸಿದರೆ ಕೆಲಸ ಸಲೀಸು. ಮ್ಯಾಗ್ನೆಟಿಕ್ ಎನ್‌ಕೋಡರ್ ಇದ್ದರೆ ಕಬ್ಬಿಣದ ವಾಷರ್ ಹತ್ತಿರ ತರಬೇಡಿ. ಹಳೆಯ ನಾಣ್ಯಗಳನ್ನು ಕೊರೆದು ಹಾಕುವ ಉಪಾಯವನ್ನು ಇನ್ನೊಬ್ಬ ಓದುಗರು ಸೂಚಿಸಿದ್ದಾರೆ. ನಾಣ್ಯ ಹಾಳುಮಾಡುವುದನ್ನು 2011ರ ನಾಣ್ಯ ಕಾಯ್ದೆ ಒಪ್ಪುವುದಿಲ್ಲ, ವಾಷರ್ ಅದಕ್ಕಿಂತ ಅಗ್ಗವೂ ಹೌದು.

ಎಪಾಕ್ಸಿ ಸುರಿಯುವಾಗ ನಾಬನ್ನು ಮಟ್ಟಸವಾದ ಜಾಗದಲ್ಲಿಡಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಲವು ವರ್ಷಗಳ ಹಿಂದೆ ನಾನು ಹೀಗೊಂದು ನಾಬ್ ಮಾಡಿ, ಬಹಳ ಹೆಮ್ಮೆಯಿಂದ ರಿಗ್‌ಗೆ ಹಾಕಿ, ಬೆಳಗಿನ ನೆಟ್‌ಗೆ (ಹ್ಯಾಮ್‌ಗಳು ಒಂದೇ ಆವರ್ತನದಲ್ಲಿ ಸೇರಿ ಮಾತನಾಡುವ ಕೂಟಕ್ಕೆ) ಕುಳಿತೆ. ನಿಲ್ದಾಣವನ್ನು ಸರಿಯಾಗಿ ಹಿಡಿದು ಕಾಫಿ ಲೋಟಕ್ಕೆ ಕೈ ಚಾಚಿದರೆ ಅಷ್ಟರಲ್ಲಿ ಎಲ್ಲರ ದನಿಯೂ ಕೀರಲಾಗುತ್ತಿತ್ತು. ಆವರ್ತನ ಜಾರುತ್ತಿದೆಯೆಂದು ತಿಳಿದು ಆಸಿಲೇಟರನ್ನು ಬಿಚ್ಚಿದೆ, ಕ್ರಿಸ್ಟಲ್‌ಗೆ ಹತ್ತಿ ಸುತ್ತಿದೆ, ಎರಡು ಕೆಪಾಸಿಟರ್ ಬದಲಿಸಿದೆ. ಮೂರನೆಯ ದಿನ ಸುಮ್ಮನೆ ಕೈಕಟ್ಟಿ ನೋಡುತ್ತ ಕುಳಿತಾಗ ಗೊತ್ತಾಯಿತು: ಕೈ ಬಿಟ್ಟೊಡನೆ ನಾಬ್ ತಾನೇ ಮೆಲ್ಲಗೆ ಹದಿನೈದು ಇಪ್ಪತ್ತು ಡಿಗ್ರಿ ಉರುಳಿ ನಿಲ್ಲುತ್ತಿತ್ತು. ಓರೆ ಮೇಜಿನ ಮೇಲೆ ಒಣಗಿದ ಎಪಾಕ್ಸಿ ಒಂದೇ ಪಕ್ಕಕ್ಕೆ ದಪ್ಪವಾಗಿ ಕೂತು, ಭಾರದ ಪಕ್ಕ ಯಾವಾಗಲೂ ಕೆಳಕ್ಕೆ ಹೋಗಲು ಹವಣಿಸುತ್ತಿತ್ತು. ಅಂದಿನಿಂದ ಯಾವ ನಾಬನ್ನೂ ನುಣುಪಾದ ಕಡ್ಡಿಯೊಂದಕ್ಕೆ ಸಡಿಲವಾಗಿ ತೂರಿಸಿ, ನಾಲ್ಕಾರು ಸಲ ಸುತ್ತಿಬಿಟ್ಟು ನೋಡುತ್ತೇನೆ. ಪ್ರತಿ ಸಲವೂ ಅದೇ ಪಕ್ಕ ಕೆಳಗೆ ಬಂದು ನಿಂತರೆ ಆ ಪಕ್ಕದ ಒಳಭಾಗವನ್ನು ಸ್ವಲ್ಪ ಕೊರೆದು ಹಗುರ ಮಾಡಬೇಕು. ಬೆರಳಗುಳಿ ಕೊರೆದ ನಾಬ್‌ಗಳಲ್ಲಿ ಗುಳಿಯ ಪಕ್ಕ ಹಗುರವಾಗಿರುತ್ತದೆ. ಒಳ್ಳೆಯ ತಯಾರಕರು ಅದಕ್ಕೆ ಎದುರಾಗಿ ಹಿಂಬದಿಯಲ್ಲೊಂದು ಕುಳಿ ತೆಗೆದಿರುತ್ತಾರೆ.

ಲೇಥ್ ಕೆಲಸಕ್ಕೆ ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳು ಸರಿ. ಒಂದೇ ನಾಬ್ ಎಂದರೆ ಕೆಲವರು ಮುಖ ತಿರುಗಿಸುತ್ತಾರೆ, ಆದ್ದರಿಂದ ಗೆಳೆಯರು ಸೇರಿ ನಾಲ್ಕೈದು ಒಟ್ಟಿಗೆ ಮಾಡಿಸಿ. ಕಾಗದದ ಮೇಲೆ ಚಿತ್ರ ಬರೆದುಕೊಂಡು ಹೋಗಿ, ಬಾಯಿಮಾತಿನಲ್ಲಿ ಹೇಳಬೇಡಿ. ಹೇಳಲೇಬೇಕಾದ ಸಂಗತಿಗಳು ಇವು: ಹೊರಮೈಯನ್ನೂ ನಡುವಿನ ರಂಧ್ರವನ್ನೂ ಚಕ್‌ನ ಒಂದೇ ಹಿಡಿತದಲ್ಲಿ ಕಡೆಯಬೇಕು, ಕೆಲಸವನ್ನು ಕಳಚಿ ಮತ್ತೆ ಕಟ್ಟಿದರೆ ಎರಡರ ನಡುಗೆರೆ ಒಂದಾಗಿ ಉಳಿಯುವುದಿಲ್ಲ. ರಂಧ್ರವನ್ನು 5.8 ಮಿಲಿಮೀಟರ್ ಡ್ರಿಲ್‌ನಿಂದ ಕೊರೆದು 6 ಮಿಲಿಮೀಟರ್ ರೀಮರ್‌ನಿಂದ (ತೂತನ್ನು ನಿಖರ ಅಳತೆಗೆ ತರುವ ಹತ್ಯಾರದಿಂದ) ಮುಗಿಸಬೇಕು. ಬರಿಯ ಡ್ರಿಲ್ ಯಾವಾಗಲೂ ತನ್ನ ಅಳತೆಗಿಂತ ತುಸು ದೊಡ್ಡ ತೂತನ್ನೇ ಮಾಡುತ್ತದೆ. ಬಿಗಿಯುವ ಎಂ3 ಗ್ರಬ್ ಸ್ಕ್ರೂಗಳು ಎರಡಿರಲಿ, ಅವು ಎದುರುಬದುರಾಗಿರದೆ 90 ಡಿಗ್ರಿ ಕೋನದಲ್ಲಿರಲಿ. ಹಿಂಬದಿಯಲ್ಲಿ ಎನ್‌ಕೋಡರ್ ನಟ್ ಅಡಗುವಷ್ಟು ಟೊಳ್ಳು ಬೇಕೆಂಬುದನ್ನು ನೀವೇ ಮರೆಯುತ್ತೀರಿ, ಬರೆದುಕೊಳ್ಳಿ. ದಂಡದ ಹೊರಚಾಚಿದ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು, ನಾಬ್‌ಗೂ ಫಲಕಕ್ಕೂ ನಡುವೆ ಒಂದು ಮಿಲಿಮೀಟರ್ ಬಿಡಿ. ನಾಬ್ ತೀರ ಸಲೀಸಾಗಿ ಓಡಿ ನಿಲ್ಲುವುದೇ ಇಲ್ಲವೆನಿಸಿದರೆ ಆ ಸಂದಿಗೆ ತೆಳು ಫೆಲ್ಟ್ ಬಿಲ್ಲೆಯೊಂದನ್ನು ಸೇರಿಸಬಹುದು. ಹಾರ್ಮೋನಿಯಂ ರಿಪೇರಿ ಮಾಡುವವರ ಬಳಿ ಒಂದು ತುಂಡು ಕೇಳಿದರೆ ಸಿಕ್ಕೀತು.

ಆಂಪ್ಲಿಫಯರ್ ನಾಬ್ ಕೊಳ್ಳುವಾಗ ಒಂದು ಎಚ್ಚರಿಕೆ. ಅವುಗಳಲ್ಲಿ ಹಲವು ಹಲ್ಲುಹಲ್ಲಿನ ದಂಡಕ್ಕೆ ಒತ್ತಿ ಕೂರಿಸುವಂಥವು, ಒಳಗೆ ಪ್ಲಾಸ್ಟಿಕ್ ತೊಟ್ಟಿಲಿರುತ್ತದೆ. ನಿಮ್ಮ ದಂಡ ದುಂಡಗಿದೆಯೊ, ಡಿ ಆಕಾರದಲ್ಲಿದೆಯೊ, ಹಲ್ಲಿನದೊ ನೋಡಿಕೊಂಡು, ಸಾಧ್ಯವಾದರೆ ಅಂಥದ್ದೇ ಹಳೆಯ ಎನ್‌ಕೋಡರೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.

ಪ್ರಶ್ನೆ: ವಾರಾಂತ್ಯದಲ್ಲಿ ನಂದಿ ಬೆಟ್ಟದ ಕಡೆ ಹೋಗಿ ಬ್ಯಾಟರಿಯ ಮೇಲೆ ಸೆಟ್ ನಡೆಸುತ್ತೇನೆ, ದಾರಿಯಲ್ಲಿ ಕಾರಿನಲ್ಲೂ ಬಳಸುತ್ತೇನೆ. ಭಾರದ ನಾಬ್ ಹಾಕಿದರೆ ಹೇಗೆ?
— ಓದುಗರು, ಯಲಹಂಕ

ಉತ್ತರ: ಹಾಕಬೇಡಿ. ಚೀಲದಲ್ಲಿ ಮುಖ ಕೆಳಗಾಗಿ ಬಿದ್ದ ದಿನ ಅಷ್ಟು ಭಾರವೂ ಎನ್‌ಕೋಡರ್ ದಂಡದ ಮೇಲೆ ಬೀಳುತ್ತದೆ. ನಮ್ಮ ರಸ್ತೆಯ ಉಬ್ಬುಗಳ ಮೇಲೆ ಕಾರು ಕುಣಿಯುವಾಗ, ತೂಕ ಕೂದಲೆಳೆಯಷ್ಟು ಒಂದು ಪಕ್ಕವಾಗಿದ್ದರೂ ನಾಬ್ ತಾನೇ ತಿರುಗುತ್ತದೆ. ಹಗುರ ನಾಬ್, ಅದರ ಸುತ್ತ ರಬ್ಬರ್ ಪಟ್ಟಿ, ಜೊತೆಗೆ ಡಯಲ್ ಲಾಕ್ ಗುಂಡಿ: ಪಯಣಕ್ಕೆ ಇಷ್ಟೇ ಸರಿ.

ಪ್ರಶ್ನೆ: ನಮ್ಮ ತಂದೆಯವರ ಕಾಲದ ವಾಲ್ವ್ ರೇಡಿಯೊದಲ್ಲಿ ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಜ್‌ಗೆ ಮುಳ್ಳು ತರುವಾಗ ಸಣ್ಣ ನಾಬ್ ತಿರುಗಿಸಿದರೂ ಮುಳ್ಳು ಜಾರುತ್ತ ಹೋಗುತ್ತಿತ್ತು. ಆ ನಾಬ್ ಹಗುರವಾಗಿಯೇ ಇತ್ತಲ್ಲ?
— ಓದುಗರು, ಮಲ್ಲೇಶ್ವರ

ಉತ್ತರ: ನಾಬ್ ಹಗುರ, ಆದರೆ ಪೆಟ್ಟಿಗೆಯ ಹಿಂಬದಿ ತೆಗೆದು ನೋಡಿದ್ದರೆ ಅದೇ ದಂಡದ ಮೇಲೆ, ಫಲಕದ ಒಳಗಡೆ, ಭಾರದ ಲೋಹದ ಚಕ್ರವೊಂದು ಕಾಣಿಸುತ್ತಿತ್ತು. ದಂಡಕ್ಕೆ ಸುತ್ತಿದ ದಾರ ಸ್ಟೇಷನ್ ಆರಿಸುವ ಗ್ಯಾಂಗ್ ಕಂಡೆನ್ಸರಿನ ದೊಡ್ಡ ಗಾಲಿಯನ್ನೂ ಮುಳ್ಳನ್ನೂ ಒಟ್ಟಿಗೆ ಎಳೆಯುತ್ತಿತ್ತು. ಚಕ್ರದ ಓಟ ಮುಳ್ಳನ್ನು ಫಲಕದ ಈ ತುದಿಯಿಂದ ಆ ತುದಿಗೆ ಒಯ್ಯುತ್ತಿತ್ತು. ಈ ಏರ್ಪಾಡು ಇಂದಿಗೂ ನಡೆಯುತ್ತದೆ. ಹಿಂದುಗಡೆಗೂ ದಂಡ ಚಾಚಿರುವ ಎನ್‌ಕೋಡರ್ ಸಿಕ್ಕರೆ, ಇಲ್ಲವೆ ಎನ್‌ಕೋಡರನ್ನು ಫಲಕದಿಂದ ಒಂದೆರಡು ಅಂಗುಲ ಹಿಂದಕ್ಕೆ ಕೂರಿಸಿ ನಡುವೆ ಬೇರಿಂಗ್ ಮೇಲೆ ನಿಂತ ದಂಡವೊಂದನ್ನು ಜೋಡಿಸಿದರೆ, ಭಾರದ ಚಕ್ರವನ್ನು ಒಳಗೇ ಇಟ್ಟು ಹೊರಗೆ ನಿಮಗಿಷ್ಟವಾದ ಹಗುರ ನಾಬ್ ಹಾಕಬಹುದು. ಎರಡನೆಯ ದಾರಿಯಲ್ಲಿ ಎನ್‌ಕೋಡರ್ ಮೇಲೆ ಭಾರವೇ ಬೀಳುವುದಿಲ್ಲ. ನಿಮ್ಮ ತಂದೆಯವರ ರೇಡಿಯೊ ಇನ್ನೂ ಅಟ್ಟದ ಮೇಲಿದ್ದರೆ ಆ ಚಕ್ರವನ್ನು ಕೀಳಲು ಹೋಗಬೇಡಿ. ದಾರವನ್ನು ಮತ್ತೆ ಸುತ್ತಬಲ್ಲವರು ಊರಿನಲ್ಲಿ ಈಗ ಹೆಚ್ಚು ಮಂದಿ ಇಲ್ಲ.